ಇದ್ದುದರಲ್ಲಿ ಮಾಡಿದ ಹುಳಿ

ಕಳೆದ ಮಳೆಗಾಲದಲ್ಲಿ, ಕೆಲವು ದಿನಗಳಿಂದ ಶಾಲೆಗೆ ಬಾರದಿದ್ದ ವಿದ್ಯಾರ್ಥಿಯೊಬ್ಬನನ್ನು ವಿಚಾರಿಸುವುದಕ್ಕಾಗಿ ಆತನ ಮನೆಗೆ ಹೋಗಿದ್ದೆನು. ತೋಡಿನಲ್ಲಿ ನೀರೇರಿದ್ದರಿಂದ ಕೂಡಲೆ ಹಿಂದಿರುಗುವಂತಿರಲಿಲ್ಲ. ಮಧ್ಯಾಹ್ನ ಎಲೆ ಹಾಕಿದ ಹುಡುಗನ ಅಜ್ಜಿಯವರು ಸಂಕೋಚದಿಂದ, “ಮಾಸ್ಟ್ರೇ, ಪೇಟೆಯ ತರಕಾರಿ ಏನೂ ಇಲ್ಲ, ಮನೆಯಲ್ಲಿ ಇದ್ದುದರಲ್ಲೇ ಒಂದು ಹುಳಿ ಮಾಡಿದ್ದು” ಎಂದರು. ಅಟ್ಟದ ಜಂತಿಗೆ ಬಾಳೆಯ ನಾರಿನಿಂದ ಕಟ್ಟಿ ತೂಗಹಾಕಿದ್ದ ಸೌತೆಕಾಯಿ, ಕೆಂಪುಮಣ್ಣು ಹಚ್ಚಿ ಕಾಪಿಟ್ಟ ಹಲಸಿನ ಬೀಜ, ಹಿತ್ತಿಲ ತೆಂಗಿನಕಾಯಿ, ಒಣಮೆಣಸು, ಹುಣಿಸೆಹುಳಿ, ಮೇಲೊಂದು ಇಂಗಿನ ಒಗ್ಗರಣೆ. ಊಟವೇನೋ ಬಹಳ ರುಚಿಯಾಗಿತ್ತು. ಅಜ್ಜಿಯವರ ಸಂಕೋಚ ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಇದ್ದುದರಲ್ಲಿ ಅಡುಗೆ ಮಾಡುವುದು ಬಡತನದ ಗುರುತೆ? ಚರಿತ್ರೆ ಹಾಗೆ ಹೇಳುವುದಿಲ್ಲ.

ಕನ್ನಡಿಗರ ಅಡುಗೆಗೆ ಲಿಖಿತ ಆಧಾರಗಳು ಬಹು ಹಿಂದಿನಿಂದಲೂ ಇವೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೆ ಸ್ಥಾನವಿದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ (ಸುಮಾರು 1129) ಅನ್ನಭೋಗವೆಂಬ ಭಾಗವೇ ಉಂಟು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದು ಬದನೆ, ಬಾಳೆ, ಹಲಸುಗಳ ಪಾಕಗಳನ್ನು ವರ್ಣಿಸಿದನು. ಈ ಗ್ರಂಥಗಳಲ್ಲಿ ಮೆಣಸಿನಕಾಯಿ ಇಲ್ಲ, ಬಟಾಟೆಯೂ ಇಲ್ಲ. ಅವು ಅಮೆರಿಕಾ ಖಂಡದ ಬೆಳೆಗಳು. 1492ರಲ್ಲಿ ಕೊಲಂಬಸನು ಅತ್ತ ದಾರಿ ತೋರಿದ ಮೇಲೆಯೇ ಅವು ಹೊರಜಗತ್ತಿಗೆ ಬಂದವು. ಹಾಗಾದರೆ ಅದಕ್ಕೆ ಮೊದಲು ಖಾರ ಎಲ್ಲಿಂದ? ಮೆಣಸಿನ ಬಳ್ಳಿಯಿಂದ, ಹಿಪ್ಪಲಿಯಿಂದ, ಶುಂಠಿಯಿಂದ.

1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯ ಬಳಿ ಬಂದಿಳಿದುದು ಮುಖ್ಯವಾಗಿ ಮೆಣಸಿನ ಆಸೆಯಿಂದ. ನಮ್ಮ ಮೆಣಸನ್ನು ಅರಸಿ ಬಂದ ಪೋರ್ಚುಗೀಸರೇ ಅದರ ಪ್ರತಿಸ್ಪರ್ಧಿಯನ್ನೂ ಹಡಗಿನಲ್ಲಿ ತಂದರು! ಹೊಸ ಕಾಯಿ ಖಾರವಾಗಿತ್ತು. ಮನೆಯ ಹಿತ್ತಿಲಲ್ಲಿಯೇ ಬೆಳೆಯುತ್ತಿತ್ತು. ಜನರು ಅದಕ್ಕೆ ‘ಮೆಣಸಿನಕಾಯಿ’ ಎಂದು ಹಳೆಯ ಹೆಸರನ್ನೇ ಕೊಟ್ಟರು. ನಮ್ಮ ಕರಾವಳಿಯಲ್ಲಂತೂ ಹೊಸಬನು ‘ಮೆಣಸು’ ಎಂಬ ಪೂರ್ಣ ಹೆಸರನ್ನೇ ವಶಪಡಿಸಿಕೊಂಡನು. ಹಳಬನು ‘ಒಳ್ಳೆಮೆಣಸು’ ಎಂಬ ವಿಶೇಷಣದೊಡನೆ ಸಂಬಾರದ ಡಬ್ಬಿಯ ಮೂಲೆ ಸೇರಿದನು. ಒಂದು ಮಾತಿನಲ್ಲಿ ಐದು ನೂರು ವರುಷಗಳ ಚರಿತ್ರೆ ಅಡಗಿದೆ.

ಹೀಗೆ ಬಂದವರೆಲ್ಲ ಒಂದೇ ರೀತಿಯಲ್ಲಿ ಹೆಸರು ಪಡೆಯಲಿಲ್ಲ. ಬಟಾಟೆ ತನ್ನ ಹೆಸರನ್ನು ಪೋರ್ಚುಗೀಸರ ಬಾಯಿಂದ ತಂದಿತು. ಪಪ್ಪಾಯಿಯನ್ನು ತಂದವರ ನೆನಪಿನಿಂದ ‘ಪರಂಗಿ ಹಣ್ಣು’ ಎಂದು ಕರೆದವರುಂಟು. ಮರಗೆಣಸಿಗೆ ನಮ್ಮ ಹಳೆಯ ಗೆಣಸಿನ ಸಂಬಂಧ ಕಟ್ಟಿದರು. 1880ರಿಂದ 1885ರವರೆಗೆ ಆಳಿದ ತಿರುವಾಂಕೂರಿನ ವಿಶಾಖಂ ತಿರುನಾಳ್ ಮಹಾರಾಜರು ಈ ಗೆಣಸಿನ ಕೃಷಿಗೆ ಪ್ರೋತ್ಸಾಹವಿತ್ತರು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತಾಗ, ಅಲ್ಲಿಯ ಅಸಂಖ್ಯ ಬಡವರ ಹೊಟ್ಟೆ ತುಂಬಿಸಿದ್ದು ಇದೇ.

ಇನ್ನು ಹಳೆಯವೆಂದು ನಾವು ತಿಳಿದವಾದರೂ ಎಲ್ಲವೂ ಇಲ್ಲಿಯವಲ್ಲ. ಸೋಮೇಶ್ವರನ ಪಾಕಶಾಲೆಯಲ್ಲಿ ಪರಿಮಳಿಸಿದ ಇಂಗು ಪಾರಸಿಕ, ಆಫ್ಘಾನ ನಾಡುಗಳದು. ಹುಣಿಸೆಯ ಮೂಲ ಆಫ್ರಿಕಾ. ಅರಸನ ಬಾಣಸಿಗನೂ ತನ್ನ ಉಗ್ರಾಣದಲ್ಲಿ ‘ಇದ್ದುದರಲ್ಲಿ’ಯೇ ಅಡುಗೆ ಮಾಡಿದನು, ಉಗ್ರಾಣ ದೊಡ್ಡದಿತ್ತು, ಅಷ್ಟೆ.

ಆದುದರಿಂದ ನಮ್ಮ ಅಡುಗೆಯಲ್ಲಿ ಬಹುಕಾಲ ಬಾಳಿದ್ದು ಪದಾರ್ಥವಲ್ಲ, ಕ್ರಮ. ಹೋಳಿಗೊಂದು ಸ್ಥಾನ, ಹುಳಿಗೊಂದು, ಖಾರಕ್ಕೊಂದು, ಅರೆದ ಕಾಯಿಗೊಂದು, ಒಗ್ಗರಣೆಗೊಂದು. ಸೌತೆ ಮುಗಿದರೆ ಬಾಳೆಕಾಯಿ. ಅದೂ ಇಲ್ಲದಿದ್ದರೆ ಭರಣಿಯ ಉಪ್ಪಿನ ಸೊಳೆಯನ್ನು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿದರಾಯಿತು. ಹುಣಿಸೆ ಇಲ್ಲದಿದ್ದರೆ ಪುನರ್ಪುಳಿಯ ಒಣಸಿಪ್ಪೆ. ಹೊಸದು ಬಂದರೂ ಹಳೆಯದು ಹೋದರೂ ಹುಳಿಯು ಹುಳಿಯಾಗಿಯೇ ಉಳಿಯುವುದು. ಈ ಕ್ರಮವನ್ನು ಅರಿತವರು ಬರಿಗೈಯವರಲ್ಲ. ಆದರೆ ಅದರ ಬಹುಭಾಗ ಪುಸ್ತಕದಲ್ಲಿಲ್ಲ, ಅಜ್ಜಿಯಂದಿರ ಕೈಯಲ್ಲಿದೆ. ಕೇಳುವವರಿಲ್ಲದಿದ್ದರೆ ಅವರೊಡನೆಯೇ ಹೋಗುವುದು.

ಮಳೆ ನಿಂತ ಮೇಲೆ ಶಾಲೆಗೆ ಬಂದ ಆ ಹುಡುಗನಿಂದ, ಅಜ್ಜಿ ಹುಳಿಗೆ ಹಾಕಿದ ಪದಾರ್ಥಗಳ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆಯಿಸಿದೆನು. ಒಂದೊಂದರ ಮುಂದೆಯೂ ‘ಎಲ್ಲಿಂದ ಬಂತು?’ ಎಂದು ಕೇಳಿ, ಭೂಪಟವನ್ನು ತೂಗಹಾಕಿದೆವು. ಆ ದಿನ ಚರಿತ್ರೆಯ ಪಾಠಕ್ಕೆ ಬೇರೆ ಪುಸ್ತಕ ಬೇಕಾಗಲಿಲ್ಲ. ಸಹೋದ್ಯೋಗಿಗಳೂ ತಮ್ಮ ತರಗತಿಗಳಲ್ಲಿ ಈ ಪ್ರಯತ್ನವನ್ನು ಮಾಡಿ ನೋಡಬಹುದು. ಮಕ್ಕಳೆ, ನೀವು ಇಂದೇ ಅಡುಗೆಮನೆಗೆ ಹೋಗಿ, ಪದಾರ್ಥಗಳ ಹೆಸರುಗಳನ್ನು ಅಜ್ಜಿ ಹೇಳಿದಂತೆಯೇ ಬರೆದುಕೊಳ್ಳಿರಿ. “ಏನೂ ಇಲ್ಲ” ಎಂದು ಅವರು ಹೇಳಿದರೆ, ನಂಬಬೇಡಿರಿ.