ಹಿಮಕ್ಕೂ ನೀರಿಗೂ ಅಂಜದ ಕ್ಯಾಮೆರಾ

ಎವರೆಸ್ಟ್ ಶಿಖರವನ್ನು ಮೊದಲು ಏರಿದವರು ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ಎಂಬುದಕ್ಕೆ 1953ರ ಮೇ 29ರಂದು ತೆಗೆದ ಛಾಯಾಚಿತ್ರಗಳು ಸಾಕ್ಷಿ. ಆದರೆ 1924ರ ಜೂನ್ 8ರಂದು ಅದೇ ಶಿಖರದತ್ತ ಸಾಗಿದ ಜಾರ್ಜ್ ಮ್ಯಾಲರಿ ಮತ್ತು ಆಂಡ್ರ್ಯೂ ಇರ್ವಿನ್ ಮರಳಿ ಬರಲಿಲ್ಲ. ಅವರು ತುದಿ ಮುಟ್ಟಿದ್ದರೇ? ಈ ಪ್ರಶ್ನೆಗೆ ಉತ್ತರ ಹೇಳಬಹುದಾದದ್ದು ಅವರೊಂದಿಗೆ ಕಣ್ಮರೆಯಾದ ಒಂದು ಪುಟ್ಟ ಕ್ಯಾಮೆರಾ.

ಅದು ತಂಡದ ಮತ್ತೊಬ್ಬ ಸದಸ್ಯ ಹೊವರ್ಡ್ ಸಾಮರ್ವೆಲ್ ಕೊಟ್ಟಿದ್ದ ಕೊಡಕ್ ವೆಸ್ಟ್ ಪಾಕೆಟ್. ಮಡಚಿ ಜೇಬಿನಲ್ಲಿಡಬಹುದಾದ ಈ ಮಾದರಿ 1912ರಲ್ಲಿ ಬಂದು, ಮೊದಲನೆಯ ಮಹಾಯುದ್ಧದಲ್ಲಿ 'ಸೈನಿಕನ ಕ್ಯಾಮೆರಾ' ಎಂದೇ ಹೆಸರಾಯಿತು. 1999ರಲ್ಲಿ ಮ್ಯಾಲರಿಯ ದೇಹ ಸಿಕ್ಕಿತಾದರೂ ಜೊತೆಗೆ ಕ್ಯಾಮೆರಾ ಇರಲಿಲ್ಲ. ಅದು ಸಿಕ್ಕರೆ ಚಿತ್ರ ಉಳಿದಿರಬಹುದೆಂಬ ಆಸೆಗೆ ಆಧಾರವಿದೆ. 1897ರಲ್ಲಿ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಮಡಿದ ಸ್ವೀಡನ್ನಿನ ಆಂಡ್ರೆ ತಂಡದ ಫಿಲಂ 1930ರಲ್ಲಿ ದೊರೆತು, 33 ವರ್ಷಗಳ ನಂತರವೂ ಚಿತ್ರ ಮೂಡಿಸಿತ್ತು.

ಚಳಿಯಿಂದ ಕ್ಯಾಮೆರಾ ಕಾಪಾಡಲು ಹಿಲರಿ ಹೂಡಿದ ಉಪಾಯ ಸರಳ. ತನ್ನ ಕೊಡಕ್ ರೆಟಿನಾವನ್ನು ಅಂಗಿಯೊಳಗೆ, ಮೈಯ ಬಿಸಿಯಲ್ಲಿ ಇಟ್ಟುಕೊಂಡೇ ಆತ ಶಿಖರ ಏರಿದ. ನೀರಿನದು ಬೇರೆ ಸಮಸ್ಯೆ. ಸಮುದ್ರಶೋಧಕ ಜಾಕ್ ಕುಸ್ತೋಗಾಗಿ ಬೆಲ್ಜಿಯಂನ ಜಾನ್ ದ ವೂಟರ್ಸ್ ರೂಪಿಸಿದ ಕ್ಯಾಲಿಪ್ಸೊ ಕ್ಯಾಮೆರಾದಲ್ಲಿ ಪ್ರತಿ ಸಂದಿಗೂ ರಬ್ಬರ್ ಬಳೆ ತೊಡಿಸಿ ನೀರನ್ನು ತಡೆಯಲಾಯಿತು. ಇದನ್ನೇ ನಿಕಾನ್ ಕಂಪನಿ 1963ರಲ್ಲಿ ನಿಕೊನೋಸ್ ಹೆಸರಿನಿಂದ ಹೊರತಂದಿತು.

ಡಿಜಿಟಲ್ ಯುಗ ಹೊಸದೊಂದು ದೌರ್ಬಲ್ಯವನ್ನು ತಂದಿತು. ಹಳೆಯ ಯಾಂತ್ರಿಕ ಕ್ಯಾಮೆರಾಗಳಿಗೆ ವಿದ್ಯುತ್ತಿನ ಹಂಗಿರಲಿಲ್ಲ. ಡಿಜಿಟಲ್ ಕ್ಯಾಮೆರಾಕ್ಕಾದರೋ ಬ್ಯಾಟರಿಯೇ ಜೀವಾಳ. ಕೊರೆಯುವ ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಅದು ಬೇಗ ಸೋಲುತ್ತದೆ. ಬದಲಿ ಬ್ಯಾಟರಿಯನ್ನು ಒಳಜೇಬಿನಲ್ಲಿಡುವ ಇಂದಿನ ಚಾರಣಿಗರು ಹಿಲರಿಯ ಉಪಾಯವನ್ನೇ ಅನುಸರಿಸುತ್ತಿದ್ದಾರೆ.

ಉಳಿದ ವೈರಿಗಳನ್ನು ತಯಾರಕರು ಒಂದೊಂದಾಗಿ ಎದುರಿಸಿದರು. 2006ರ ಒಲಿಂಪಸ್ 720 ಎಸ್‌ಡಬ್ಲ್ಯೂ 3 ಮೀಟರ್ ಆಳದ ನೀರನ್ನೂ 1.5 ಮೀಟರ್ ಎತ್ತರದ ಬೀಳುವಿಕೆಯನ್ನೂ ತಾಳಬಲ್ಲದೆಂದು ಕಂಪನಿ ಹೇಳಿತು. ಅದೇ ಪರಂಪರೆಯ 2023ರ ಟಿಜಿ-7 ಮಾದರಿಗೆ ಈ ಮಿತಿಗಳು 15 ಮತ್ತು 2.1 ಮೀಟರ್; ಚಳಿಯ ಮಿತಿ ಶೂನ್ಯಕ್ಕಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆದರೆ ಈ ಅಂಕಿಗಳೆಲ್ಲ ಮುಚ್ಚಳ ಬಿಗಿಯಾಗಿದ್ದರಷ್ಟೇ ನಿಜ. ರಬ್ಬರ್ ಅಂಚಿನಲ್ಲಿ ಸಿಕ್ಕ ಒಂದು ಮರಳಿನ ಕಣವೂ ನೀರಿಗೆ ದಾರಿ ಮಾಡಿಕೊಡಬಲ್ಲದು.

ಆದ್ದರಿಂದ ಬೆಟ್ಟಕ್ಕೋ ಹೊಳೆಗೋ ಒಯ್ಯಲು ಕ್ಯಾಮೆರಾ ಕೊಳ್ಳುವವರು ಮೆಗಾಪಿಕ್ಸೆಲ್ ಎಣಿಸುವ ಮೊದಲು ಹೋಗುವ ಜಾಗದ ಚಳಿ, ನೀರು, ದೂಳುಗಳನ್ನು ಲೆಕ್ಕ ಹಾಕುವುದು ಒಳಿತು. ತೆಗೆದ ಚಿತ್ರ ಸುರಕ್ಷಿತವಾಗಿ ಮನೆ ಸೇರದಿದ್ದರೆ ಅದೆಷ್ಟು ಸ್ಫುಟವಾಗಿದ್ದರೂ ಪ್ರಯೋಜನವಿಲ್ಲ. ಮ್ಯಾಲರಿ ಮತ್ತು ಇರ್ವಿನ್ ಶಿಖರ ಮುಟ್ಟಿದ್ದರೇ ಎಂಬ ಪ್ರಶ್ನೆ ಒಂದು ಶತಮಾನ ಕಳೆದರೂ ಉಳಿದುಕೊಂಡಿರುವುದು ಈ ಕಾರಣದಿಂದಲೇ.