ಮೇಷ್ಟರಿಗೆ ಎಷ್ಟು ಕನ್ನಡ ಬರಬೇಕು?

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಕೂತರೆ ಒಂದೇ ಸೀಟಿನಿಂದ ಎರಡು ಭಾಷೆ ಕೇಳಿಸುತ್ತವೆ. ಕಂಡಕ್ಟರ್ ಜೊತೆ ಕನ್ನಡ, ಪಕ್ಕದ ನೆಂಟರ ಜೊತೆ ತೆಲುಗು. ಈ ಸೀಮೆಯಲ್ಲಿ ಒಂದನೇ ತರಗತಿಗೆ ಬರುವ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಪಾಠ ಮಾತ್ರ ಕನ್ನಡದಲ್ಲಿ. ಅವರಿಗೆ ಕಲಿಸುವ ಮೇಷ್ಟರಿಗೆ ಎಷ್ಟು ಕನ್ನಡ ಬರಬೇಕು? ಭಾಷೆಯಲ್ಲಿ ಅಂಕ ಕಡಿಮೆ ಬಿದ್ದವರಿಗೆ ಶಾಲೆಯೊಳಗೆ ಹೋಗಲು ಬೇರೆ ದಾರಿ ಇರಬೇಕೆ?

ಉತ್ತರ ಹುಡುಕುತ್ತ ನಾನು ಮೊದಲು ಹೋದದ್ದು ಬ್ರಹ್ಮಗಿರಿಗೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ನಿಜ ನುಡಿಯಬೇಕು ಎನ್ನುವ ಬುದ್ಧಿಮಾತುಗಳ ಜೊತೆಗೆ ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಎಂಬ ಮಾತೂ ಅಲ್ಲಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ. ಅವನು ತಾನು ಲಿಪಿಕಾರನೆಂದು ಹೇಳುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಂದರೆ ಗುರುವನ್ನು ಗೌರವಿಸಿ ಎಂಬ ಮಾತು ಈ ನೆಲಕ್ಕೆ ಬಂದದ್ದೇ ಹೊರಗಿನ ಭಾಷೆಯಲ್ಲಿ. ಊರವರಿಗೆ ಅದನ್ನು ಯಾರೋ ಓದಿ, ಅವರ ಮಾತಿನಲ್ಲಿ ತಿಳಿಸಿ ಹೇಳಿರಲೇಬೇಕು. ಆ ಕೆಲಸ ಮಾಡಿದವರನ್ನೇ ನಾನು ಈ ಸೀಮೆಯ ಮೊದಲ ಮೇಷ್ಟರು ಎಂದುಕೊಳ್ಳುತ್ತೇನೆ.

ಈ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಶಾಸನತಜ್ಞರೆಂದು ನಾವು ನೆನೆಯುವ ಅವರು ಅದಕ್ಕೂ ಮೊದಲು ಮೈಸೂರು ಸೀಮೆಯ ಶಿಕ್ಷಣ ಇಲಾಖೆಯಲ್ಲಿದ್ದವರು. ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು 1868ರಲ್ಲಿ ಮುಂದಿಟ್ಟವರೂ ಅವರೇ. ಅಷ್ಟೊಂದು ಶಾಲೆಗೆ ಮೇಷ್ಟರನ್ನು ಎಲ್ಲಿಂದ ತರುವುದು? ಕೂಲಿಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಅಯ್ಯಗಳಲ್ಲೇ ಊರು ಒಪ್ಪಿದವರನ್ನು ಆರಿಸಿ, ನಾರ್ಮಲ್ ಸ್ಕೂಲಿಗೆ ಕಳಿಸಿ ತರಬೇತಿ ಕೊಡುವುದು ಆ ಯೋಜನೆಯ ದಾರಿ. ಮೊದಲು ಊರಿನ ಒಪ್ಪಿಗೆ, ಆಮೇಲೆ ಸರ್ಕಾರದ ಸರ್ಟಿಫಿಕೇಟು.

ಇವತ್ತು ಕ್ರಮ ತಿರುಗಿದೆ. ಎರಡು ವರ್ಷದ ಡಿ.ಎಲ್.ಇಡಿ., ಆಮೇಲೆ ಟಿಇಟಿ, ಆಮೇಲೆ ನೇಮಕಾತಿ. ಟಿಇಟಿಯ ಮೊದಲ ಪತ್ರಿಕೆಯ 150 ಅಂಕಗಳಲ್ಲಿ ಎರಡು ಭಾಷೆಗಳಿಗೆ ತಲಾ 30. ಎಲ್ಲವೂ ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಪ್ರಶ್ನೆಗಳು. ಆರು ವರ್ಷದ ಮಗುವಿನ ಎದುರು ಕೂತು ಮಾತಾಡಲು ಬರುತ್ತದೆಯೇ ಎಂಬುದನ್ನು ಅದು ಕೇಳುವುದಿಲ್ಲ.

ಹಾಗೆಂದು ಭಾಷೆಯ ಷರತ್ತನ್ನೇ ಸಡಿಲಿಸಿ ಎನ್ನಲು ನನಗೆ ಧೈರ್ಯವಿಲ್ಲ. ಕಾಸರಗೋಡನ್ನು ನೋಡಿ. 1956ರಲ್ಲಿ ಕೇರಳಕ್ಕೆ ಸೇರಿದ ಆ ನಾಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬಂದಾಗ ಮಕ್ಕಳೂ ಪೋಷಕರೂ ಪ್ರತಿಭಟಿಸಬೇಕಾಯಿತು. ನಮ್ಮ ನೆರೆಯ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿತು. ಅಲ್ಲಿನ ಕನ್ನಡ ಮಕ್ಕಳಿಗೂ ಕನ್ನಡ ಬಲ್ಲ ಮೇಷ್ಟರೇ ಬೇಕು. ಅಲ್ಲಿ ಬೇಕೆನ್ನುವುದನ್ನು ಇಲ್ಲಿ ಬೇಡ ಎನ್ನಲಾಗದು.

ದೂರದ ಐರ್ಲೆಂಡಿನಲ್ಲೂ ಇದೇ ಜಗ್ಗಾಟವಿದೆ. ಅಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ಐರಿಷ್ ಭಾಷೆಯಲ್ಲಿ ನಿಗದಿತ ದರ್ಜೆ ಬೇಕು. ಆದರೆ ಹೊರದೇಶದಲ್ಲಿ ತರಬೇತಿ ಪಡೆದು ಬಂದವರಿಗೆ ಷರತ್ತಿನ ಮೇಲೆ ಪಾಠ ಮಾಡಲು ಬಿಟ್ಟು, ಇಂತಿಷ್ಟು ಕಾಲದೊಳಗೆ ಐರಿಷ್ ಅರ್ಹತೆ ಪಡೆಯಿರಿ ಎನ್ನುತ್ತಾರೆ. ಭಾಷೆಯನ್ನು ಬಿಟ್ಟುಕೊಡುವುದಿಲ್ಲ, ಕಲಿಯಲು ಸಮಯ ಕೊಡುತ್ತಾರೆ.

ನನಗೆ ಈ ದಾರಿ ಸರಿ ಎನಿಸುತ್ತದೆ. ನಮ್ಮಲ್ಲಿ ಅದಕ್ಕೆ ಇನ್ನೊಂದು ಸೇರಬೇಕು. ಮೇಷ್ಟರಿಗೆ ತೆಲುಗು ಬರುವುದೂ ಒಂದು ಅರ್ಹತೆ ಎಂದು ಎಣಿಸಬೇಕು. ತೆಲುಗಿನ ಮಗುವಿಗೆ ‘ಪಾಲು’ ಎಂದರೆ ಹಾಲು. ತರಗತಿಯಲ್ಲಿ ‘ನಿನ್ನ ಪಾಲು ಎಲ್ಲಿ?’ ಎಂದರೆ ಅದು ಲೋಟ ಹುಡುಕೀತು. ಎರಡೂ ಬಲ್ಲ ಮೇಷ್ಟರು ನಕ್ಕು, ಪಾಲು–ಹಾಲು, ಪಾಮು–ಹಾವು, ಪುವ್ವು–ಹೂವು ಎಂದು ಬೋರ್ಡಿನ ಮೇಲೆ ಜೋಡಿಸಿಯಾರು. ಹಳಗನ್ನಡದಲ್ಲೂ ಇವು ಪಾಲ್, ಪಾವು, ಪೂ ಎಂದೇ ಇದ್ದವು. ತಪ್ಪು ಎನಿಸಿದ ಮಗುವಿನ ಮಾತು ಹೊಸಗನ್ನಡಕ್ಕಿಂತ ಹಳಗನ್ನಡಕ್ಕೆ ಹತ್ತಿರ!

ಬಸ್ಸು ತಳುಕನ್ನು ದಾಟುವಾಗ ನಾನು ಕಿಟಕಿಯಿಂದ ನೋಡುತ್ತೇನೆ. ತೆಲುಗು ನಾಡಿನಿಂದ ಬಂದು ಈ ಊರಲ್ಲಿ ನೆಲೆನಿಂತ ಮನೆತನದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದರು. ಅವರ ಶಿಷ್ಯ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅವರಿಗೇ ಅರ್ಪಿಸಿದರು. ಈ ಸೀಮೆಯ ಯಾವುದೋ ಹಟ್ಟಿಯಲ್ಲಿ ಇವತ್ತು ‘ಪಾಲು’ ಎಂದು ಹೇಳಿ ಬೈಸಿಕೊಂಡ ಮಗುವಿನ ಮುಂದೆಯೂ ಆ ದಾರಿ ತೆರೆದೇ ಇರಬೇಕು.