ರೈಲಿಲ್ಲದ ಊರಿನ ಕೈಮರ

ಕೊಡಗಿನ ನೆಲದ ಮೇಲೆ ಇಂದಿಗೂ ರೈಲುಹಳಿ ಬಿದ್ದಿಲ್ಲ. ಆದರೂ ಪಾಲಿಬೆಟ್ಟದ ನಮ್ಮ ಮನೆಯ ಹಿಂಬದಿಯಲ್ಲಿ, ಹಿಂದೆ ಕರಿಮೆಣಸಿನ ಚೀಲಗಳನ್ನು ಒಟ್ಟುತ್ತಿದ್ದ ಕೋಣೆಯೊಳಗೆ, ಹನ್ನೆರಡಡಿ ಉದ್ದದ ಹಲಗೆಯೊಂದರ ಮೇಲೆ, ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲಿನ ಗಾತ್ರದ ಗಾಡಿಯೊಂದು ಸಂಜೆಯ ಹೊತ್ತು ಓಡುತ್ತದೆ. ಅದರ ದಾರಿಯುದ್ದಕ್ಕೂ ಹತ್ತು ಕೈಮರಗಳು ನಿಂತಿವೆ. ಆ ಹತ್ತರ ಹಣೆಯಲ್ಲೂ ಸಾಸಿವೆ ಕಾಳಿನಷ್ಟಿರುವ, ಎರಡು ಮಿಲಿಮೀಟರು ಚೌಕದ ಎಲ್‌ಇಡಿ ದೀಪವೊಂದು ಕೆಂಪಾಗಿಯೋ ಹಳದಿಯಾಗಿಯೋ ಹಸಿರಾಗಿಯೋ ಉರಿಯುತ್ತದೆ. ದೀಪಗಳು ಮೊಮ್ಮಗನ ಕೈಕೆಲಸ, ಕೈಮರಗಳು ನನ್ನವು. ಈ ಕೆಲಸದ ಹಂಚಿಕೆಯಿಂದಾಗಿಯೇ ನಾನು ಇಳಿವಯಸ್ಸಿನಲ್ಲಿ ಸಿಗ್ನಲ್ ದೀಪದ ಚರಿತ್ರೆಯನ್ನು ವಿಚಾರಿಸುವಂತಾಯಿತು.

ರೈಲು ನಮ್ಮ ಬೆಟ್ಟಗಳನ್ನು ಸುತ್ತುವರಿದು ನಿಂತಿತೇ ಹೊರತು ಒಳಗೆ ಬರಲಿಲ್ಲ. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಐರೋಪ್ಯರ ಮೊದಲನೆಯ ಕಾಫಿ ತೋಟವನ್ನು ಎಬ್ಬಿಸಿದನು. ಅಲ್ಲಿಂದ ಮುಂದೆ ಕಾಫಿಯ ಮೂಟೆಗಳು ಎತ್ತಿನ ಗಾಡಿಯಲ್ಲಿ ಘಟ್ಟವಿಳಿದು ತಲಶ್ಶೇರಿಯ ಬಂದರಿಗೂ, ಮೂಡಲಿಗೆ ಹುಣಸೂರಿನ ಕಡೆಗೂ ಸಾಗುತ್ತಿದ್ದವು. ಇತ್ತ ಮೈಸೂರು ಸೀಮೆಯಲ್ಲಿ 1864ರಲ್ಲಿ ಮದರಾಸಿನ ಕಡೆಯ ಹಳಿ ಬೆಂಗಳೂರಿನ ದಂಡು ಪ್ರದೇಶವನ್ನು ಸೇರಿತು. 1876ರಿಂದ 78ರವರೆಗಿನ ಘೋರಕ್ಷಾಮದ ಬೆನ್ನಿಗೆ ಆರಂಭವಾದ ಮೀಟರ್ ಗೇಜಿನ ಹಾದಿ 1882ರಲ್ಲಿ ಮೈಸೂರನ್ನು ಮುಟ್ಟಿತು. ಪಾಲಿಬೆಟ್ಟದಿಂದ ಅಲ್ಲಿಗೆ ಸುಮಾರು ನೂರು ಕಿಲೋಮೀಟರು. ಆದುದರಿಂದ ನನ್ನ ತಲೆಮಾರಿನ ಹುಡುಗರಿಗೆ ಉಗಿಬಂಡಿಯೆಂಬುದು, ಕಡಲಿನಂತೆ, ಬಸ್ಸು ಹತ್ತಿ ಹೋಗಿ ನೋಡಿಬರತಕ್ಕ ಪದಾರ್ಥವಾಗಿದ್ದಿತು.

ನಾನು ಅದನ್ನು ನೋಡಿದ್ದು ಮೈಸೂರಿನ ಚಾಮರಾಜಪುರಂ ನಿಲ್ದಾಣದ ಸಮೀಪದಲ್ಲಿದ್ದ ಚಿಕ್ಕಮ್ಮನ ಮನೆಯ ಜಗಲಿಯಿಂದ. ಇಂಜಿನ್ನಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ಕೈಮರವೇ. ಎತ್ತರದ ಕಂಬದ ತುದಿಯಲ್ಲಿ ಕೆಂಪು ಬಳಿದ ಒಂದು ತೋಳು ನೆಲಕ್ಕೆ ಸಮನಾಗಿ ಚಾಚಿಕೊಂಡಿರುವುದು. ಎಲ್ಲಿಯೋ ದೂರದಲ್ಲಿ ಯಾರೋ ಲಿವರ್ ಎಳೆದೊಡನೆ ನೆಲದಂಚಿನ ಸಣ್ಣ ರಾಟೆಗಳ ಮೇಲೆ ತಂತಿ ಕಿರಗುಟ್ಟಿ ಹರಿದು, ತೋಳು ತಟ್ಟನೆ ಕೆಳಕ್ಕೆ ಬಾಗುವುದು. "ಕೈ ಬಿತ್ತು, ಗಾಡಿ ಬಂತು" ಎಂದು ಚಿಕ್ಕಮ್ಮ ಒಳಗಿನಿಂದಲೇ ಹೇಳುತ್ತಿದ್ದರು; ಆಕೆಗೆ ಗಡಿಯಾರದ ಅವಶ್ಯಕತೆಯಿರಲಿಲ್ಲ. ಮುಸ್ಸಂಜೆಯಲ್ಲಿ ದೀಪದವನು ಏಣಿಯೇರಿ ಸೀಮೆಎಣ್ಣೆಯ ದೀಪವನ್ನು ಕಂಬಕ್ಕೆ ಸಿಕ್ಕಿಸುತ್ತಿದ್ದನು. ಆ ದೀಪದ ಹಿಂಬದಿಯಲ್ಲಿ ಒಂದು ಸಣ್ಣ ಕಿಂಡಿ. ತೋಳು ನಿಲುಗಡೆಯ ಸ್ಥಿತಿಯಲ್ಲಿದ್ದಾಗ ಅದರಿಂದ ಬಿಳಿಯ ಬೆಳಕಿನ ಚುಕ್ಕೆಯೊಂದು ನಿಲ್ದಾಣದ ಕಡೆಗೆ ಕಾಣುತ್ತಿದ್ದು, ದೀಪ ಉರಿಯುತ್ತಿರುವುದನ್ನೂ ತೋಳು ತನ್ನ ಜಾಗದಲ್ಲಿರುವುದನ್ನೂ ಸ್ಟೇಷನ್ ಮಾಸ್ತರರಿಗೆ ಏಕಕಾಲದಲ್ಲಿ ತಿಳಿಸುತ್ತಿದ್ದಿತು.

ಈ ತೋಳಿನ ಮೂಲಪುರುಷನು ರೈಲಿಗಿಂತಲೂ ಹಿರಿಯನು. 1794ರಲ್ಲಿ ಫ್ರಾನ್ಸಿನ ಕ್ಲಾಡ್ ಶಾಪ್ ಎಂಬಾತ ಪ್ಯಾರಿಸ್ಸಿನಿಂದ ಲೀಲ್ ನಗರದವರೆಗೆ ಗೋಪುರಗಳ ಸಾಲನ್ನು ನಿಲ್ಲಿಸಿ, ಮರದ ತೋಳುಗಳ ಭಂಗಿಯಿಂದಲೇ ಯುದ್ಧವಾರ್ತೆಗಳನ್ನು ರವಾನಿಸಿದ್ದನು. ಅಂಥ ತೋಳಿನ ಮಾದರಿಯಲ್ಲಿ 1840ರ ದಶಕದ ಆರಂಭದಲ್ಲಿ ಚಾರ್ಲ್ಸ್ ಹಟ್ಟನ್ ಗ್ರೆಗರಿಯೆಂಬ ಇಂಜಿನಿಯರು ಲಂಡನ್ನಿನ ನ್ಯೂ ಕ್ರಾಸ್ ಬಳಿ ರೈಲಿಗಾಗಿ ಮೊದಲ ಕೈಮರವನ್ನು ನೆಟ್ಟನು. ಆಗಿನ ಬಣ್ಣಗಳ ಅರ್ಥ ಇಂದಿನಂತಿರಲಿಲ್ಲ: ಕೆಂಪೆಂದರೆ ನಿಲ್ಲು, ಹಸಿರೆಂದರೆ ಎಚ್ಚರಿಕೆ, ಬಿಳಿಯೆಂದರೆ ಹೋಗು. ಕೆಂಪು ಗಾಜು ಒಡೆದು ಉದುರಿಬಿದ್ದರೆ ಹಿಂದಿನ ದೀಪ ಬಿಳಿಯಾಗಿಯೇ ಕಾಣುವುದೆಂಬುದೂ, ಆಗ ನಿಲ್ಲಬೇಕಾದ ಗಾಡಿಗೆ ಹೋಗೆಂದು ಅಪ್ಪಣೆ ದೊರೆತಂತಾಗುವುದೆಂಬುದೂ, ಊರು ಬೆಳೆದಂತೆ ಮನೆ ಬೀದಿಗಳ ದೀಪಗಳೆಲ್ಲವೂ ಬಿಳಿಯಾದುದರಿಂದ ಚಾಲಕನು ಮೋಸಹೋಗುವನೆಂಬುದೂ ಕ್ರಮೇಣ ಅರಿವಿಗೆ ಬಂದು, ಆ ಶತಮಾನದ ಕೊನೆಯ ಹೊತ್ತಿಗೆ ಬಿಳಿಯು ಪದಚ್ಯುತವಾಗಿ ಹಸಿರು ಅದರ ಪೀಠವನ್ನೇರಿತು. ಇನ್ನೊಂದು ಸ್ವಾರಸ್ಯವನ್ನು ಇಲ್ಲಿ ಹೇಳದಿರಲಾರೆ. ಕೈಮರದ ಹಸಿರು ಗಾಜು ನಿಜವಾಗಿ ಹಸಿರಲ್ಲ, ನವಿಲುಕೊರಳಿನಂಥ ನೀಲಿ; ಸೀಮೆಎಣ್ಣೆಯ ಜ್ವಾಲೆ ಹಳದಿಯಾದುದರಿಂದ ಅದರ ಮುಂದೆ ನೀಲಿ ಬೆರೆತ ಗಾಜನ್ನಿಟ್ಟರೇನೇ ದೂರಕ್ಕೆ ಶುದ್ಧ ಹಸಿರು ಕಾಣುತ್ತಿದ್ದಿತು.

1876ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಎಂಬಲ್ಲಿ ಹಿಮಪಾತವಾಯಿತು. ಅಲ್ಲಿಯ ಕೈಮರಗಳ ತೋಳುಗಳು ದಾರಿ ತೆರವಾಗಿದೆಯೆಂದು ತೋರಿಸುವಾಗ ಕಂಬದ ಸೀಳಿನೊಳಗೆ ಅಡಗಿಕೊಳ್ಳುವಂಥವು. ಸೀಳಿನಲ್ಲಿ ಹಿಮ ಹೆಪ್ಪುಗಟ್ಟಿ, ಲಿವರನ್ನು ಹಿಂದಕ್ಕೆ ಹಾಕಿದರೂ ತೋಳು ಹೊರಬರಲಿಲ್ಲ. ಕಲ್ಲಿದ್ದಲಿನ ಗಾಡಿಗೆ ಸ್ಕಾಟ್‌ಲೆಂಡಿನಿಂದ ಬರುತ್ತಿದ್ದ ಎಕ್ಸ್‌ಪ್ರೆಸ್ ಬಂದು ಹಾಯ್ದಿತು. ಆ ಅವಶೇಷಕ್ಕೆ ಮತ್ತೊಂದು ಎಕ್ಸ್‌ಪ್ರೆಸ್ ಹಾಯ್ದಿತು. ಅಲ್ಲಿಯವರೆಗೆ ಕೈಮರವು ಸಾಮಾನ್ಯವಾಗಿ ಹೋಗೆಂದು ಹೇಳುತ್ತ ನಿಂತು, ಅಪಾಯವಿದ್ದಾಗ ಮಾತ್ರ ತಡೆಯುತ್ತಿದ್ದಿತು. ಅಲ್ಲಿಂದ ಮುಂದೆ ಅದರ ಸಹಜಸ್ಥಿತಿಯೇ ತಡೆಯುವುದೆಂದಾಯಿತು. ಚಾಮರಾಜಪುರಂನಲ್ಲಿ ನಾನು ಕಂಡ ತೋಳಿನ ಹಿಂಭಾಗದಲ್ಲಿ ಭಾರವಾದ ಎರಕದ ಕಬ್ಬಿಣವಿದ್ದುದು ಇದಕ್ಕಾಗಿಯೇ: ತಂತಿ ಹರಿದುಹೋದರೆ ಆ ಭಾರವೇ ಕುಸಿದು ತೋಳನ್ನು ನಿಲುಗಡೆಗೆ ಎತ್ತಿಬಿಡುವುದು. ಹೇಳುವವರು ಯಾರೂ ಇಲ್ಲದಾಗ ಸಿಗ್ನಲ್ಲು ಏನು ಹೇಳಬೇಕೆಂಬ ಪ್ರಶ್ನೆಗೆ ಆ ಕಬ್ಬಿಣದ ತುಂಡು ಉತ್ತರವಾಗಿದ್ದಿತು.

ವಿದ್ಯುತ್ತು ಬಂದ ಮೇಲೂ ಈ ಧರ್ಮ ಕೆಡಲಿಲ್ಲ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ರೂಪಿಸಿದ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಹಳಿಗಳ ಮೂಲಕ ವಿದ್ಯುತ್ತು ಸದಾ ಹರಿಯುತ್ತಿದ್ದು ರಿಲೇ ಎಂಬ ವಿದ್ಯುತ್ ಸ್ವಿಚ್ಚೊಂದನ್ನು ಎತ್ತಿ ಹಿಡಿದಿರುತ್ತದೆ. ಗಾಡಿ ಬಂದರೂ ಸರಿಯೇ, ಹಳಿ ಮುರಿದರೂ ಸರಿಯೇ, ಬ್ಯಾಟರಿ ಸತ್ತರೂ ಸರಿಯೇ, ರಿಲೇ ಬೀಳುತ್ತದೆ, ಸಿಗ್ನಲ್ಲು ಕೆಂಪಾಗುತ್ತದೆ. ಈಗಿನ ನಮ್ಮ ರೈಲ್ವೆಯ ಬಣ್ಣದ ದೀಪಗಳಲ್ಲಿಯೂ ಪ್ರತಿಯೊಂದು ದೀಪದ ಮೂಲಕ ಹರಿಯುವ ಪ್ರವಾಹವನ್ನು ಒಂದು ರಿಲೇ ಕಾಯುತ್ತಿರುತ್ತದೆ. ಕೆಂಪು ದೀಪ ಆರಿಹೋದರೆ ಅದರ ಹಿಂದಿನ ಸಿಗ್ನಲ್ಲೇ ಕೆಂಪಾಗಿ ಗಾಡಿಯನ್ನು ತಡೆಯುವ ಏರ್ಪಾಡುಂಟು. ಸಿಗ್ನಲ್ಲಿನಲ್ಲಿ ದೀಪವೇ ಇಲ್ಲದಿದ್ದರೆ ಅದು ಅತ್ಯಂತ ಕಟ್ಟುನಿಟ್ಟಿನ ಸಂಕೇತವನ್ನೇ ತೋರುತ್ತಿದೆಯೆಂದು ಚಾಲಕನು ಭಾವಿಸತಕ್ಕದ್ದೆಂಬುದು ನಿಯಮ.

ಇನ್ನು ಮೊಮ್ಮಗನ ದೀಪಗಳ ವಿಷಯ. ಇವನ್ನು ಒಂದೊಂದಾಗಿ ವಿಳಾಸ ಹಿಡಿದು ಕರೆಯಬಹುದೆಂದು ಹೇಳುವುದು ವಾಡಿಕೆ. ಆದರೆ ಡಬ್ಲ್ಯುಎಸ್ 2812 ಎಂಬ ಈ ಜಾತಿಯ ದೀಪಗಳಲ್ಲಿ ಯಾವುದಕ್ಕೂ ತನ್ನ ವಿಳಾಸ ತಿಳಿಯದು. ಹತ್ತು ದೀಪಗಳೂ ಒಂದೇ ಸಂದೇಶದ ತಂತಿಯಲ್ಲಿ ಪೋಣಿಸಲ್ಪಟ್ಟಿವೆ. ಆರ್ಡುಯಿನೋ ಎಂಬ ಸಣ್ಣ ಫಲಕವು 24 ಬಿಟ್ಟುಗಳ ಒಂದೊಂದು ಪಾಲಿನಂತೆ ಹತ್ತು ಪಾಲನ್ನು ಸಾಲಾಗಿ ಕಳುಹಿಸುತ್ತದೆ. ಮದುವೆಯ ಪಂಕ್ತಿಯಲ್ಲಿ ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸುವಂತೆ, ಮೊದಲನೆಯ ದೀಪ ತನ್ನ ಪಾಲನ್ನು ಬಡಿಸಿಕೊಂಡು ಮಿಕ್ಕುದನ್ನು ಮುಂದಿನದಕ್ಕೆ ದಾಟಿಸುತ್ತದೆ, ಎರಡನೆಯದು ಮೂರನೆಯದಕ್ಕೆ. ಕುಳಿತ ಜಾಗವೇ ವಿಳಾಸ. ಸೆಕೆಂಡಿಗೆ 8 ಲಕ್ಷ ಬಿಟ್ಟುಗಳ ವೇಗವಾದುದರಿಂದ ಹತ್ತು ದೀಪಗಳ ಪಂಕ್ತಿ ಮುಗಿಯಲು ಸೆಕೆಂಡಿನ ಮೂರು ಸಾವಿರದಲ್ಲೊಂದು ಪಾಲು ಸಾಕು. ಮೊದಲ ದಿನವೇ ಒಂದು ಪ್ರಮಾದವಾಯಿತು. "ಅಜ್ಜಾ, ಕೆಂಪು ಕಳಿಸಿದ್ರೆ ಹಸಿರು ಉರೀತಿದೆ!" ಎಂದು ಹುಡುಗ ಕೂಗಿದನು. ಈ ದೀಪವು ಬಣ್ಣಗಳನ್ನು ಕೆಂಪು, ಹಸಿರು, ನೀಲಿ ಎಂಬ ಲೋಕರೂಢಿಯಲ್ಲಿ ಕೇಳದೆ, ಹಸಿರನ್ನು ಮೊದಲು ಕೇಳುತ್ತದೆಯಂತೆ. ಹಳದಿಯ ಗೋಜು ಬೇರೆ: ಕೆಂಪನ್ನೂ ಹಸಿರನ್ನೂ ಸಮಸಮನಾಗಿ ಬೆರೆಸಿದರೆ ಎಳೆನಿಂಬೆಯ ಬಣ್ಣ ಬರುವುದರಿಂದ, ಹಸಿರನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಕಾಯಿತು. ನೀಲಿ ಗಾಜಿನಿಂದ ಹಸಿರನ್ನು ಹೊಂದಿಸಿಕೊಂಡ ಆ ಹಳಬರ ನೆನಪಾಗಿ ನನಗೆ ನಗು ಬಂದಿತು.

ಆಷಾಢದ ಮಳೆ ಹೊಯ್ಯುತ್ತಿದ್ದ ಒಂದು ಸಂಜೆ ಇಲಿಯೊಂದು ಹಲಗೆಯ ಅಡಿಯಲ್ಲಿ ನಾಲ್ಕನೆಯ ದೀಪಕ್ಕೂ ಐದನೆಯದಕ್ಕೂ ನಡುವಣ ಸಂದೇಶದ ತಂತಿಯನ್ನು ಕಡಿದುಹಾಕಿತು. ನಮಗೆ ತಿಳಿಯಲಿಲ್ಲ. ಎಲ್ಲಕ್ಕೂ ಕೆಂಪೆಂದು ಆಜ್ಞೆಯಿತ್ತಾಗ ಮೊದಲ ನಾಲ್ಕು ಕೆಂಪಾದವು. ಐದರಿಂದ ಹತ್ತರವರೆಗಿನವು, ಹೊಸ ಮಾತು ಕಿವಿಗೆ ಬೀಳದ ಕಾರಣ, ಕಡೆಯ ಸಲ ಕೇಳಿದ ಹಸಿರನ್ನೇ ಹಿಡಿದುಕೊಂಡು ಶಾಂತವಾಗಿ ಉರಿಯುತ್ತಿದ್ದವು. ಏಳನೆಯ ಕೈಮರದ ಹಸಿರನ್ನು ನಂಬಿ ಹುಡುಗ ಬಿಟ್ಟ ಗಾಡಿ, ನಿಂತಿದ್ದ ಸರಕು ಗಾಡಿಗೆ ಹಾಯ್ದು, ಎರಡು ಡಬ್ಬಿಗಳು ನೆಲಕ್ಕುರುಳಿದವು. ಹಿಮವಿಲ್ಲದೆಯೇ ನಮ್ಮ ಕೋಣೆಯಲ್ಲಿ ಆಬಟ್ಸ್ ರಿಪ್ಟನ್ ನಡೆದುಹೋಯಿತು. ಎಂದೋ ಕಬ್ಬಿಣದ ತುಂಡೊಂದು ಬಗೆಹರಿಸಿದ್ದ ತೊಡಕನ್ನು ಇಷ್ಟು ಚುರುಕಾದ ದೀಪವು ಮತ್ತೆ ಹೊತ್ತು ತಂದದ್ದನ್ನು ಕಂಡು ನಾನು, ಅಜ್ಜಂದಿರಿಗೆ ಸಹಜವಾದ ಸಂತೋಷದಿಂದ, ಹುಡುಗನಿಗೆ ಇಡೀ ಚರಿತ್ರೆಯನ್ನು ಹೇಳಿದೆನು.

ಅವನು ಸುಮ್ಮನೆ ಕೇಳಿಕೊಂಡನು. ಮಾರನೆಯ ವಾರ ಉಪಾಯವನ್ನು ಹುಡುಕಿ ತಂದನು. ಈಗ ಹತ್ತು ದೀಪಗಳಿಗೆ ಹನ್ನೊಂದು ಪಾಲು ಹೋಗುತ್ತದೆ. ಹತ್ತನೆಯ ದೀಪ ದಾಟಿಸಿದ ಆ ಹೆಚ್ಚಿನ ಪಾಲಿಗೆ ಉಣ್ಣುವವರಿಲ್ಲ. ಅದು ಇನ್ನೊಂದು ತಂತಿಯಲ್ಲಿ ಸುತ್ತಿ ಫಲಕಕ್ಕೇ ಹಿಂದಿರುಗುತ್ತದೆ. ಹಿಂದಿರುಗುವಷ್ಟು ಕಾಲ ಒಂದು ಸಣ್ಣ ರಿಲೇ ಎತ್ತಿ ನಿಂತಿರುತ್ತದೆ. ಬಾರದಿದ್ದರೆ ಅದು ಬಿದ್ದು ದೀಪಗಳೆಲ್ಲಕ್ಕೂ ಐದು ವೋಲ್ಟಿನ ಪೂರೈಕೆಯನ್ನು ಕಡಿಯುತ್ತದೆ, ಫಲಕವೂ ಮಾತು ನಿಲ್ಲಿಸುತ್ತದೆ. ಕಳೆದ ತಿಂಗಳು ಮಳೆಯ ಸದ್ದಿನ ನಡುವೆಯೂ ಟಕ್ಕೆಂದು ಕೇಳಿಸಿತು; ಹತ್ತು ಕೈಮರಗಳೂ ಒಮ್ಮೆಗೇ ಕತ್ತಲಾದವು.

"ಅಜ್ಜಾ, ಎಲ್ಲಾ ಆರಿಹೋಯ್ತು" ಎಂದನು ಹುಡುಗ; ಹಾಗೆನ್ನುತ್ತಲೇ ಗಾಡಿಯ ತಿರುಗುಬಟನ್ನನ್ನು ಸೊನ್ನೆಗೆ ಇಳಿಸಿ, ಟಾರ್ಚು ಹಿಡಿದು ಹಲಗೆಯ ಅಡಿಗೆ ನುಸುಳಿದನು.